ಜಾಮೀನಿಗೆ ಹಾಕಿದ ಸಹಿ

ನ್ಯೂಯಾರ್ಕಿನಲ್ಲಿ ಬಾಡಿಗೆ ಮನೆ ಬೇಕೆಂದರೆ ಮಾಲೀಕರು ಮೊದಲು ಕೇಳುವುದು ನಿಮ್ಮ ವರ್ಷದ ಆದಾಯ. ಅದು ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು. ಇಲ್ಲವಾದರೆ, 80 ಪಟ್ಟು ಆದಾಯ ಇರುವವರು ಯಾರಾದರೂ ನಿಮ್ಮ ಪರವಾಗಿ ಜಾಮೀನು ನಿಲ್ಲಬೇಕು. ಕಾನೂನಿನಲ್ಲಿ ಹೀಗೆಂದು ಎಲ್ಲೂ ಬರೆದಿಲ್ಲ, ಆದರೂ ಇಡೀ ಊರು ಇದೇ ಲೆಕ್ಕದಲ್ಲಿ ನಡೆಯುತ್ತದೆ. 2022ರ ಫೆಬ್ರವರಿಯ ಒಂದು ಶನಿವಾರ ನಾನೂ ನನ್ನ ಹೆಂಡತಿಯೂ ಈಜಿಪ್ಟಿನ ಒಂದು ಕುಟುಂಬಕ್ಕೆ ಹಾಗೆ ಜಾಮೀನು ನಿಂತೆವು.

ಆ ಮನೆಯ ಯಜಮಾನರು ನೈಲ್ ನದಿಯ ಮುಖಜ ಭೂಮಿಯಲ್ಲಿರುವ ಮನ್ಸೂರಾ ಪಟ್ಟಣದವರು. ಅಲ್ಲಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಮ್ಯಾನ್‌ಹಟನ್‌ನಲ್ಲಿ ನನ್ನ ಆಫೀಸಿನ ಹತ್ತಿರ ಒಂದು ಹಲಾಲ್ ಗಾಡಿಯಲ್ಲಿ ಕೋಳಿ ಹುರಿಯುವ ಕೆಲಸ ಅವರದು. ನಾನು ಫಲಾಫೆಲ್ ಕೊಳ್ಳಲು ಹೋಗುತ್ತಿದ್ದೆ. ಗಾಡಿಯ ಹುಡುಗರೆಲ್ಲ ಅವರನ್ನು ಉಸ್ತಾಜ್ ಎನ್ನುತ್ತಿದ್ದರು, ಅಂದರೆ ಮೇಷ್ಟ್ರು. ನಾನೂ ಹಾಗೆಯೇ ಕರೆಯತೊಡಗಿದೆ. ನಾನು ಸಾಫ್ಟ್‌ವೇರಿನವನೆಂದು ತಿಳಿದ ದಿನದಿಂದ ಅವರು ನನ್ನನ್ನು ಬಾಶ್‌ಮುಹಂದಿಸ್, ಎಂಜಿನಿಯರ್ ಸಾಹೇಬರೇ, ಎಂದು ಕರೆದರು. ಇಬ್ಬರೂ ಊರಿನ ಇನ್ನೊಂದು ಭಾಗವಾದ ಕ್ವೀನ್ಸಿನ ಆಸ್ಟೋರಿಯಾದಲ್ಲೇ ಇರುವುದು ಆಮೇಲೆ ಗೊತ್ತಾಯಿತು. ಅಲ್ಲಿನ ಸ್ಟೈನ್‌ವೇ ಬೀದಿಯ ಒಂದು ತುಂಡನ್ನು ಜನ ಪುಟ್ಟ ಈಜಿಪ್ಟ್ ಎನ್ನುತ್ತಾರೆ. ಹುಕ್ಕಾ ಅಂಗಡಿಗಳು, ಮಸೀದಿ, ಮೀನಿನ ಹೋಟೆಲು, ಸಂಜೆಯಾದರೆ ಫುಟ್‌ಪಾತಿನ ಕುರ್ಚಿಗಳಲ್ಲಿ ಕೂತು ಟೀ ಕುಡಿಯುವ ಹಿರಿಯರು.

2016ರ ನವೆಂಬರಿನಲ್ಲಿ ಈಜಿಪ್ಟ್ ಸರ್ಕಾರ ತನ್ನ ಪೌಂಡಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿನೆದುರು ಅದರ ಬೆಲೆ ಅರ್ಧಕ್ಕಿಳಿಯಿತು. ಮೇಷ್ಟ್ರ ಸಂಬಳ, ಮನೆಪಾಠದ ಫೀಸು ಎಲ್ಲ ಇದ್ದಲ್ಲೇ ಇದ್ದವು. ಎಣ್ಣೆ, ಔಷಧಿ ಏರಿದವು. ಅವರು ಅಮೆರಿಕದ ವೀಸಾ ಲಾಟರಿಗೆ ಅರ್ಜಿ ಹಾಕಿದರು, ಹೆಸರು ಬಂತು. ವರ್ಷಕ್ಕೆ 55,000ದವರೆಗೆ ಗ್ರೀನ್ ಕಾರ್ಡ್ ಕೊಡುವ ಆ ಲಾಟರಿಗೆ ಭಾರತೀಯರು ಅರ್ಹರಲ್ಲ, ನಮ್ಮಿಂದ ಈಗಾಗಲೇ ಹೆಚ್ಚು ಜನ ಬಂದಿದ್ದಾರೆಂಬ ಕಾರಣಕ್ಕೆ. ಹೀಗಾಗಿ ವಿಮಾನ ಇಳಿದ ದಿನವೇ ಈ ದೇಶದಲ್ಲಿ ಶಾಶ್ವತವಾಗಿ ಇರುವ ಹಕ್ಕು ಅವರಿಗಿತ್ತು, ಕೆಲಸ ಇರಲಿಲ್ಲ. ನನಗೆ ಒಳ್ಳೆಯ ಕೆಲಸವಿದೆ, ಆ ಹಕ್ಕು ನನ್ನ ಸರ್ವಿಸು ಮುಗಿಯುವುದರೊಳಗೆ ಸಿಗುತ್ತದೋ ಇಲ್ಲವೋ.

ಹಕ್ಕು ಇದ್ದ ಮಾತ್ರಕ್ಕೆ ಊರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗಾಡಿಯನ್ನೇ ನೋಡಿ. ಊಟದ ಗಾಡಿಗಳ ಪರ್ಮಿಟ್ಟಿಗೆ ನಗರವು 1983ರಲ್ಲೇ ಮಿತಿ ಹಾಕಿತು. ಎರಡು ವರ್ಷಕ್ಕೆ ನಗರಕ್ಕೆ ಕಟ್ಟಬೇಕಾದ ಶುಲ್ಕ 200 ಡಾಲರ್. ಆದರೆ ಹೊಸಬರಿಗೆ ಪರ್ಮಿಟ್ ಸಿಗುತ್ತಿರಲಿಲ್ಲವಾದ್ದರಿಂದ ಹಳಬರ ಪರ್ಮಿಟ್ಟನ್ನು ಕಾಳಸಂತೆಯಲ್ಲಿ 20,000 ಡಾಲರಿಗೂ ಹೆಚ್ಚು ಕೊಟ್ಟು ಬಾಡಿಗೆಗೆ ಹಿಡಿಯಬೇಕಿತ್ತು. 2021ರ ಹೊಸ ಕಾನೂನು ವರ್ಷವರ್ಷವೂ ಒಂದಿಷ್ಟು ಹೊಸ ಪರವಾನಗಿ ಕೊಡುತ್ತೇನೆಂದಿತು, ಸಾಲು ಮಾತ್ರ ಉದ್ದ. ಉಸ್ತಾಜ್ ಆ ಸಾಲಿನ ಹತ್ತಿರವೂ ಹೋಗಿರಲಿಲ್ಲ. ಇನ್ನೊಬ್ಬರ ಗಾಡಿಯಲ್ಲಿ ದಿನಗೂಲಿ. ಬೆಳಗ್ಗೆ ಗ್ಯಾರೇಜಿನಿಂದ ಗಾಡಿ ತರುವುದು, ರಾತ್ರಿ ತೊಳೆದು ಅಲ್ಲೇ ನಿಲ್ಲಿಸುವುದು, ನಡುವೆ ಹನ್ನೆರಡು ತಾಸು ನಿಂತೇ ಇರುವುದು.

ಹೆಂಡತಿ, ಇಬ್ಬರು ಮಕ್ಕಳ ಜೊತೆ ಅವರು ಇದ್ದದ್ದು ಒಂದು ಮನೆಯ ನೆಲಮಾಳಿಗೆಯಲ್ಲಿ. ಕ್ವೀನ್ಸಿನಲ್ಲಿ ಹೊಸದಾಗಿ ಬಂದ ಎಷ್ಟೋ ಸಾವಿರ ಜನ ಹೀಗೆ ಲೆಕ್ಕಕ್ಕೆ ಸಿಗದ ನೆಲಮಾಳಿಗೆಗಳಲ್ಲಿ ಬದುಕುತ್ತಾರೆ. 2021ರ ಸೆಪ್ಟೆಂಬರ್ 1ರ ರಾತ್ರಿ ಇಡಾ ಚಂಡಮಾರುತದ ಉಳಿಕೆ ಮಳೆ ಈ ಊರಿನ ಮೇಲೆ ಸುರಿದಾಗ ನಗರದಲ್ಲಿ ಸತ್ತ ಹದಿಮೂರು ಜನರಲ್ಲಿ ಹನ್ನೊಂದು ಮಂದಿ ನೆಲಮಾಳಿಗೆಗಳಲ್ಲೇ ಸತ್ತರು. ಉಸ್ತಾಜರ ಮನೆಯಲ್ಲಿ ಮಂಡಿಮಟ್ಟ ನೀರು. ಮಕ್ಕಳನ್ನು ಮೇಲಿನ ಮನೆಯವರ ಮೆಟ್ಟಿಲ ಮೇಲೆ ಕೂರಿಸಿ, ಗ್ರೀನ್ ಕಾರ್ಡು, ಪಾಸ್‌ಪೋರ್ಟುಗಳ ಪ್ಲಾಸ್ಟಿಕ್ ಚೀಲವನ್ನು ಅವರ ಹೆಂಡತಿ ಬೆಳಗಿನವರೆಗೂ ಎದೆಗೆ ಅವಚಿಕೊಂಡಿದ್ದರಂತೆ. ನಾನು ಕರಾವಳಿಯವನು, ಆಷಾಢದ ಮಳೆಯಲ್ಲಿ ಬೆಳೆದವನು. ಮನೆಯೊಳಗಿದ್ದೇ ಮಳೆಗೆ ಸಾಯಬಹುದೆಂಬ ಭಯ ಮಾತ್ರ ನನಗೆ ತಿಳಿದಿರಲಿಲ್ಲ.

ಅಂದಿನಿಂದ ಆಕೆಗೆ ಒಂದೇ ಪಟ್ಟು, ಕಿಟಕಿಯಲ್ಲಿ ಆಕಾಶ ಕಾಣುವ ಮನೆ ಬೇಕು. ತಿಂಗಳಿಗೆ 2,200 ಡಾಲರಿನ, ಎರಡು ಕೋಣೆಯ ಹಳೆಯ ಮನೆಯೊಂದು ಸಿಕ್ಕಿತು. ಅದಕ್ಕೆ 88,000 ಡಾಲರ್ ಆದಾಯ ತೋರಿಸಬೇಕು, ಅವರ ತೆರಿಗೆ ಪತ್ರದಲ್ಲಿದ್ದದ್ದು ಅದರ ಅರ್ಧವೂ ಅಲ್ಲ. ಬಂಧುಗಳಿಂದ ಕೈಗಡ ತಂದು ಆರು ತಿಂಗಳ ಬಾಡಿಗೆ ಒಟ್ಟಿಗೇ ಕೊಡುತ್ತೇನೆಂದರು. ಏಜೆಂಟ್ ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ಹಿಡಿದಿದ್ದ ನನಗೆ ಆಶ್ಚರ್ಯ. 2019ರ ರಾಜ್ಯ ಕಾನೂನಿನ ಪ್ರಕಾರ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಬಾಡಿಗೆದಾರರನ್ನು ಕಾಯಲೆಂದೇ ಮಾಡಿದ ನಿಯಮ, ಒಳ್ಳೆಯದೇ. ಆದರೆ ಕೈಯಲ್ಲಿ ದುಡ್ಡು ಹಿಡಿದು ನಿಂತ, ಕಾಗದದಲ್ಲಿ ಆದಾಯವಿಲ್ಲದ ಮನುಷ್ಯನಿಗೆ ಅದರಿಂದ ಉಳಿದ ದಾರಿ ಜಾಮೀನೊಂದೇ.

ಅವರು ನನ್ನನ್ನು ನೇರವಾಗಿ ಕೇಳಲಿಲ್ಲ. ಹೀಗಾಯಿತು ಎಂದಷ್ಟೇ ಹೇಳಿ ಪೊಟ್ಟಣ ಕಟ್ಟಿದರು. ರಾತ್ರಿ ಮನೆಯಲ್ಲಿ ವಿಷಯ ತೆಗೆದೆ. "ಅವರು ಬಾಡಿಗೆ ಕಟ್ಟದಿದ್ದರೆ ನಾವು ಕಟ್ಟಬೇಕಲ್ವಾ?" ಎಂದಳು ಹೆಂಡತಿ. ಹೌದು ಎಂದೆ. ಇಬ್ಬರ ಸಂಬಳ ಸೇರಿದರೆ ಆ 80 ಪಟ್ಟು, 1,76,000, ದಾಟುತ್ತಿತ್ತು. ಆದರೆ ವರ್ಷಕ್ಕೆ 26,400 ಡಾಲರಿನ ಹೊಣೆ ಸಣ್ಣದಲ್ಲ. ಅವಳು ಉಸ್ತಾಜರ ಹೆಂಡತಿಯನ್ನು ಒಮ್ಮೆ ನೋಡಬೇಕೆಂದಳು. ನೋಡಿ ಬಂದವಳು ಗೋಡೆಯ ಮೇಲಿನ ನೀರಿನ ಗೆರೆಯ ಬಗ್ಗೆ ಮಾತ್ರ ಮಾತಾಡಿದಳು.

ಕುಂದಾಪುರಕ್ಕೆ ಫೋನು ಮಾಡಿ ಅಪ್ಪಯ್ಯನಿಗೂ ಹೇಳಿದೆ. ಅದಕ್ಕೊಂದು ಕಾರಣವಿತ್ತು. ಅವರು ಸೌದಿಯ ದಮ್ಮಾಮ್‌ನಲ್ಲಿ ದುಡಿದು ನಮ್ಮನ್ನು ಓದಿಸಿದವರು. ಅಲ್ಲಿ ಅವರ ಪಾಸ್‌ಪೋರ್ಟ್ ಕಫೀಲನ, ಅಂದರೆ ಅವರನ್ನು ಕೆಲಸಕ್ಕೆ ಕರೆಸಿಕೊಂಡ ಯಜಮಾನನ, ಬೀರುವಿನಲ್ಲಿ ಇರುತ್ತಿತ್ತು. ಊರಿಗೆ ಬರಲು ಅವನ ಒಪ್ಪಿಗೆ, ಹೋಗಿ ಬರುವ ಪರ್ಮಿಟ್ಟು, ಎರಡೂ ಬೇಕು. ಅಜ್ಜಿ ತೀರಿಕೊಂಡಾಗ ಕಫೀಲ ಅಲ್ಲಿರಲಿಲ್ಲ. ಅಪ್ಪಯ್ಯ ಬಂದು ಮುಟ್ಟುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ಇನ್ನೊಬ್ಬನ ಸಹಿಯ ಕೆಳಗೆ ಬದುಕುವುದೆಂದರೆ ಏನೆಂದು ನಮ್ಮ ಮನೆಯಲ್ಲಿ ಅವರಷ್ಟು ಬಲ್ಲವರಿಲ್ಲ. ಅರಬರೆಂದರೆ ಅವರಿಗೆ ಮನಸ್ಸು ಕಹಿಯಾಗಿರಬಹುದೆಂದು ಅಳುಕಿತ್ತು. ಅವರು ಎಲ್ಲ ಕೇಳಿ, ಮಕ್ಕಳು ಎಷ್ಟು ದೊಡ್ಡವರೆಂದು ವಿಚಾರಿಸಿ, "ಹಂಗಾರೆ ಸೈ ಹಾಕ್" ಎಂದರು. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು. ಸಹಿ ಹಾಕಿದ ಮೇಲೆ ಆ ವಿಷಯವನ್ನು ಅವರ ಮುಂದೆ ಯಾವತ್ತೂ ಎತ್ತಬಾರದು, ತಮಾಷೆಗೂ ಎತ್ತಬಾರದು.

ಆ ಶನಿವಾರ ಏಜೆಂಟನ ಆಫೀಸಿನಲ್ಲಿ ಆರು ಜನ ನಾಲ್ಕು ಕುರ್ಚಿಗಳಲ್ಲಿ ಕೂತೆವು. ಉಸ್ತಾಜ್ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಗಾಡಿಯ ಏಪ್ರನ್ ಇಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು, ಥೇಟ್ ಮೇಷ್ಟ್ರಾಗಿಯೇ ಕಂಡರು. ಬಾಡಿಗೆ 2,200, ಠೇವಣಿ 2,200, ವರ್ಷದ ಬಾಡಿಗೆಯಲ್ಲಿ ಶೇಕಡಾ 15ರಂತೆ ದಲ್ಲಾಳಿ ಶುಲ್ಕ 3,960. ಏಜೆಂಟ್ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಅವರ ಮಗಳು 8,360 ಎಂದಳು. ಮಾಲೀಕರೇ ನೇಮಿಸಿದ ದಲ್ಲಾಳಿಗೆ ಬಾಡಿಗೆದಾರರು ದುಡ್ಡು ತೆರುವ ಈ ಪದ್ಧತಿಯನ್ನು ನಗರ ಕಾನೂನು ಮಾಡಿ 2025ರ ಜೂನಿನಿಂದ ನಿಲ್ಲಿಸಿತು. ಆ 3,960 ಡಾಲರಿಗೆ ಅವರು ಎಷ್ಟು ದಿನ ಒಲೆಯ ಮುಂದೆ ನಿಂತಿರಬೇಕೆಂದು ಯೋಚಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಜಾಮೀನು ಫಾರಂ ತುಂಬುವಾಗ ಏಜೆಂಟ್ ನನ್ನ ವೀಸಾ ನೋಡಿ, ಅವಧಿ ಎಂದು ಮುಗಿಯುತ್ತದೆಂದು ಕೇಳಿದ. ಹೇಳಿದೆ. ಈ ದೇಶದಲ್ಲಿ ಜೀವನಪೂರ್ತಿ ಇರಬಹುದಾದವರಿಗೆ, ಕೆಲಸ ಹೋದರೆ 60 ದಿನದಲ್ಲಿ ಹೊರಡಬೇಕಾದ ನಾನು ಜಾಮೀನುದಾರ. ಅವನಿಗೆ ಬೇಕಾದದ್ದು ಸಂಬಳದ ಚೀಟಿ, ಅದು ನನ್ನಲ್ಲಿತ್ತು. ಬಾಡಿಗೆದಾರರಿಗೂ ನಮಗೂ ಏನು ಸಂಬಂಧವೆಂಬ ಕಾಲಂ ಬಂದಾಗ ಪೆನ್ನು ನಿಂತಿತು. ಹೆಂಡತಿ ಫಾರಂ ಎಳೆದುಕೊಂಡು ನೆರೆಯವರು ಎಂದು ಬರೆದಳು, ನಮ್ಮ ಮನೆ ಅಲ್ಲಿಂದ ಎಂಟು ಬೀದಿ ಆಚೆಗಿದ್ದರೂ.

ಮರುವರ್ಷ ಕರಾರು ನವೀಕರಿಸುವಾಗ ಮಾಲೀಕರು ಜಾಮೀನು ಕೇಳಲಿಲ್ಲ. ಕಟ್ಟಡವು ಬಾಡಿಗೆ ನಿಯಂತ್ರಣದ ಪಟ್ಟಿಯಲ್ಲಿತ್ತಾದ್ದರಿಂದ ಒಂದು ವರ್ಷದ ಕರಾರಿಗೆ ಶೇಕಡಾ 3.25ಕ್ಕಿಂತ ಹೆಚ್ಚು ಏರಿಸುವಂತೆಯೂ ಇರಲಿಲ್ಲ. ಅದೇ ವರ್ಷ ಸುತ್ತಮುತ್ತ ಬಾಡಿಗೆ ಏರಿದ್ದನ್ನು ನೋಡಿದರೆ ಅದು ದೊಡ್ಡ ರಕ್ಷಣೆ. ಈಗ ಉಸ್ತಾಜ್ ನ್ಯೂಯಾರ್ಕ್ ರಾಜ್ಯದಲ್ಲಿ ಶಿಕ್ಷಕರಾಗುವ ಪ್ರಮಾಣಪತ್ರಕ್ಕೆ ಓಡಾಡುತ್ತಿದ್ದಾರೆ. ಮನ್ಸೂರಾದ ಪದವಿಯನ್ನು ಇಲ್ಲಿನ ಲೆಕ್ಕಕ್ಕೆ ಹೊಂದಿಸಬೇಕು, ಪರೀಕ್ಷೆ ಬರೆಯಬೇಕು, ಪ್ರತಿಯೊಂದಕ್ಕೂ ಶುಲ್ಕ. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮೇಜಿನ ಮೇಲೆ ಆ ಅರ್ಜಿಗಳನ್ನು ಹರಡಿ ಕೂರುತ್ತೇವೆ, ಇಂಗ್ಲಿಷ್ ನನ್ನ ಪಾಲಿಗೆ, ಅಂಕಿಗಳು ಅವರ ಪಾಲಿಗೆ. ಗಾಡಿಯನ್ನು ಅವರಿನ್ನೂ ಬಿಟ್ಟಿಲ್ಲ.