ಐಸ್ ಮೇಲೆ ಮೊದಲ ಅರ್ಧ ಗಂಟೆ

ದೊಡ್ಡವರ ಐಸ್ ಸ್ಕೇಟಿಂಗ್ ಕ್ಲಾಸು ಶುರುವಾಗುವುದು ಐಸ್ ಮೇಲಲ್ಲ, ಬಾಡಿಗೆ ಶೂ ಕೊಡುವ ಕೌಂಟರಿನ ಎದುರಿನ ಬೆಂಚಿನ ಮೇಲೆ. ಪಾಠ ಇರುವುದೇ ಹೆಚ್ಚಾಗಿ ಅರ್ಧ ಗಂಟೆ. ಲೇಸು ಬಿಗಿಯುತ್ತಲೇ ಅದರಲ್ಲಿ ಹತ್ತು ನಿಮಿಷ ಕಳೆಯುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ ಇರುವ ನಮ್ಮವರು ಇನ್ನೊಂದು ಎಡವಟ್ಟು ಮಾಡಿಕೊಳ್ಳುತ್ತಾರೆ: ಹೊರಗಿನ ಬಿಸಿಲು ನೋಡಿ ಟೀ ಶರ್ಟಿನಲ್ಲೇ ಬಂದುಬಿಡುತ್ತಾರೆ. ರಿಂಕಿನ, ಅಂದರೆ ಐಸ್ ಅಂಗಳದ, ಒಳಗೆ ಗಾಳಿ 10 ಡಿಗ್ರಿ ಆಸುಪಾಸು, ಐಸಿನ ಮೇಲ್ಮೈ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ. ಮೈಗಂಟಿದ ಸ್ವೆಟರು, ಹಿಗ್ಗುವ ಪ್ಯಾಂಟು, ಕೈಗವಸು ಸಾಕು. ಜೀನ್ಸ್ ಬೇಡ, ಒಮ್ಮೆ ಬಿದ್ದರೆ ಒದ್ದೆಯಾಗಿ ಮಂಡಿ ಮಡಚಲು ಬಿಡುವುದಿಲ್ಲ. ದುಪಟ್ಟಾ, ಉದ್ದನೆಯ ಮಫ್ಲರು ಲಾಕರಿನಲ್ಲೇ ಇರಲಿ.

ಶೂ ಸಾಮಾನ್ಯವಾಗಿ ದಿನನಿತ್ಯದ ಸೈಜಿಗಿಂತ ಸುಮಾರು ಒಂದು ಸೈಜು ಚಿಕ್ಕದು ಬೇಕಾಗುತ್ತದೆ. ಎದ್ದು ನಿಂತಾಗ ಬೆರಳ ತುದಿ ಮುಂಭಾಗಕ್ಕೆ ತಾಗಿಯೂ ತಾಗದಂತಿರಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿದರೆ ಪಾದ ಒಳಗೆ ಜಾರಾಡುತ್ತದೆ. ತೆಳ್ಳನೆಯದು ಒಂದೇ ಸಾಕು. ಲೇಸನ್ನು ಬೆರಳುಗಳ ಬಳಿ ಸಡಿಲವಾಗಿ, ಪಾದ ಕಾಲಿಗೆ ಸೇರುವ ತಿರುವಿನಲ್ಲಿ ಗಟ್ಟಿಯಾಗಿ, ಮೇಲಿನ ಕೊಕ್ಕೆಗಳಲ್ಲಿ ಒಂದು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಬೇಕು. ಹೊಸಬರು ಇದನ್ನು ತಲೆಕೆಳಗು ಮಾಡುತ್ತಾರೆ. ಮೇಲೆ ಉಸಿರುಗಟ್ಟುವಂತೆ ಬಿಗಿದರೆ ಕಣಕಾಲು ಮುಂದಕ್ಕೆ ಬಾಗುವುದಿಲ್ಲ, ಆಗ ಮಂಡಿಯೂ ಬಾಗುವುದಿಲ್ಲ. ಆ ದಿನದ ಅರ್ಧ ಕಷ್ಟ ಅಲ್ಲೇ ಗಂಟು ಬಿದ್ದಿರುತ್ತದೆ.

ಐಸ್ ಹಾಕಿ ಆಟದ ಶೂ ಕೊಡಲೇ, ಫಿಗರ್ ಸ್ಕೇಟಿಂಗ್ ಶೂ ಕೊಡಲೇ ಎಂದು ಕೌಂಟರಿನಲ್ಲಿ ಕೇಳುತ್ತಾರೆ. ಫಿಗರ್ ತೆಗೆದುಕೊಳ್ಳಿ. ಹಾಕಿ ಬ್ಲೇಡು ಹಿಂದೆಯೂ ಮುಂದೆಯೂ ದುಂಡಗಿರುವುದರಿಂದ ಸ್ವಲ್ಪ ಹಿಂದಕ್ಕೆ ವಾಲಿದರೂ ಹಿಡಿಯುವವರಿಲ್ಲ. ಫಿಗರ್ ಬ್ಲೇಡು ಹಿಂದಕ್ಕೆ ಉದ್ದ ಚಾಚಿರುತ್ತದೆ, ಸುಮಾರು 4 ಮಿಲಿಮೀಟರ್ ದಪ್ಪ. ತಳದ ನಡುವೆ ಸಣ್ಣ ತಗ್ಗು ಕೊರೆದಿರುವುದರಿಂದ ಒಂದೇ ಬ್ಲೇಡಿಗೆ ಒಳಗೊಂದು, ಹೊರಗೊಂದು ಎರಡು ಅಂಚು. ಜಾರುವುದು, ತಳ್ಳುವುದು, ತಿರುಗುವುದು ಎಲ್ಲ ಈ ಅಂಚುಗಳ ಆಟ. ಉಗುರನ್ನು ಅಂಚಿನ ಮೇಲೆ ಅಡ್ಡಲಾಗಿ ಎಳೆದು ನೋಡಿ. ಚೂರೂ ಹೆರೆಯದಿದ್ದರೆ ಬ್ಲೇಡು ಮೊಂಡು, ಬೇರೆ ಜೊತೆ ಕೇಳಿ. ಮೊಂಡು ಬ್ಲೇಡಿನಲ್ಲಿ ಕಾಲು ಪಕ್ಕಕ್ಕೆ ಜಾರಿದಾಗ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ, ಪಾಪ.

ಝಾಂಬೋನಿ ಯಂತ್ರ ಓಡುತ್ತಿದ್ದರೆ ಅದು ಹೊರಗೆ ಹೋಗಿ ಬಾಗಿಲು ಮುಚ್ಚುವವರೆಗೆ ಕಾಯಬೇಕು. ಫ್ರಾಂಕ್ ಝಾಂಬೋನಿ 1949ರಲ್ಲಿ ಇದೇ ಕ್ಯಾಲಿಫೋರ್ನಿಯಾದ ಪ್ಯಾರಾಮೌಂಟ್‌ನಲ್ಲಿ ಮಾಡಿದ ಯಂತ್ರವದು: ಮೇಲ್ಪದರ ಹೆರೆದು, ಗೀರುಗಳಿಗೆ ಬಿಸಿನೀರು ಬಿಡುತ್ತದೆ. ಬಿಸಿನೀರು ಹಳೆ ಐಸನ್ನು ತುಸು ಕರಗಿಸಿ ಅದರೊಂದಿಗೆ ಬೆಸೆದುಕೊಳ್ಳುತ್ತದೆ. ಹೊಸ ಪದರ ಕನ್ನಡಿಯ ಹಾಗಿದ್ದು ಚೆನ್ನಾಗಿ ಜಾರುತ್ತದೆ, ಮೊದಲ ದಿನದವರಿಗೆ ಬೇಕಾದ್ದಕ್ಕಿಂತ ಹೆಚ್ಚೇ.

ಅಮೆರಿಕದ ಅನೇಕ ರಿಂಕುಗಳಲ್ಲಿ ನಡೆಯುವುದು ‘ಲರ್ನ್ ಟು ಸ್ಕೇಟ್ ಯುಎಸ್ಎ’ ಪಠ್ಯಕ್ರಮ. ಅದರಲ್ಲಿ ವಯಸ್ಕರಿಗೆ 1ರಿಂದ 6ರವರೆಗೆ ಹಂತಗಳಿವೆ. ಒಂದನೇ ಹಂತದ ಮೊದಲ ಪಾಠ ಬೀಳುವುದು ಮತ್ತು ಏಳುವುದು. ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ, ಆದರೆ ಇಡೀ ಕೋರ್ಸಿನಲ್ಲಿ ಇದಕ್ಕಿಂತ ಉಪಯೋಗದ ಪಾಠ ಇಲ್ಲ. ತೂಕ ತಪ್ಪಿತು ಅನ್ನಿಸಿದೊಡನೆ ಕೂರುವ ಹಾಗೆ ತಗ್ಗಿ, ಪಕ್ಕಕ್ಕೆ ತೊಡೆ ಮತ್ತು ಸೊಂಟದ ಮಾಂಸಲ ಭಾಗದ ಮೇಲೆ ಒರಗಿ ಬೀಳಬೇಕು. ಗದ್ದ ಎದೆಗೆ ಹತ್ತಿರ, ಕೈ ಮುಷ್ಟಿ ಕಟ್ಟಿ ಮುಂದೆ. ಹಿಂದಕ್ಕೆ ಕೈಯೂರಿದರೆ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ರಿಸ್ಟ್ ಗಾರ್ಡು, ಸೈಕಲ್ಲಿನದ್ದಾದರೂ ಒಂದು ಹೆಲ್ಮೆಟ್ಟು ಹಾಕಿಕೊಳ್ಳಲು ನಾಚಿಕೆ ಬೇಡ. ಏಳುವಾಗ ಮೊದಲು ಮಂಡಿಯೂರಿ, ಒಂದು ಪಾದವನ್ನು ಎರಡು ಕೈಗಳ ನಡುವೆ ತಂದು, ಆ ಮಂಡಿಯ ಮೇಲೆ ಎರಡೂ ಕೈ ಒತ್ತಿ ನೇರ ಮೇಲಕ್ಕೆ. ಅಂಚಿನ ಗೋಡೆಯನ್ನು ಹಿಡಿದು ಎಳೆದುಕೊಂಡರೆ ಪಾದಗಳೆರಡೂ ಅದರಡಿಗೆ ನುಗ್ಗುತ್ತವೆ.

ಆಮೇಲೆ ನಿಂತಲ್ಲೇ ಹೆಜ್ಜೆ ಹಾಕುವುದು, ಮಾರ್ಚಿಂಗ್. ನಾಲ್ಕು ಹೆಜ್ಜೆ ಹಾಕಿ ಎರಡೂ ಕಾಲು ಜೋಡಿಸಿದರೆ ತಾನಾಗಿ ಜಾರಿಕೆ ಬರುತ್ತದೆ. ಇಲ್ಲಿ ಎಲ್ಲರೂ ಪಾದ ನೋಡುತ್ತಾರೆ. ತಲೆ ತಗ್ಗಿದಷ್ಟೂ ಸೊಂಟ ಹಿಂದಕ್ಕೆ, ಸೊಂಟ ಹಿಂದಕ್ಕೆ ಹೋದಷ್ಟೂ ಮಂಡಿ ನೇರ. ಮಂಡಿಯನ್ನು ಬಗ್ಗಿಸಿ ನಿಂತು ಕೆಳಗೆ ನೋಡಿದರೆ ಶೂವಿನ ತುದಿ ಮಂಡಿಯ ಮರೆಗೆ ಹೋಗಬೇಕು. ಹೋಗಲಿಲ್ಲವೆಂದರೆ ಇನ್ನೂ ಬಗ್ಗಿಸಬೇಕು. ನೋಡಿದ್ದಾಯಿತೆಂದರೆ ದೃಷ್ಟಿ ಮತ್ತೆ ಎದುರಿನ ಗೋಡೆಗೆ.

ಮುಂದಿನದು ಸ್ವಿಝಲ್, ಇದರಲ್ಲಿ ಕಾಲು ಎತ್ತುವುದೇ ಇಲ್ಲ. ಹಿಮ್ಮಡಿ ಜೋಡಿಸಿ, ಬೆರಳು ಹೊರಕ್ಕೆ ತಿರುಗಿಸಿ, ಮಂಡಿ ತಗ್ಗಿಸಿ ಒಳ ಅಂಚುಗಳನ್ನು ಒತ್ತಿದರೆ ಪಾದಗಳು ಅಗಲವಾಗುತ್ತ ಮುಂದೆ ಸರಿಯುತ್ತವೆ. ಭುಜದಷ್ಟು ಅಗಲವಾದೊಡನೆ ಬೆರಳನ್ನು ಒಳಕ್ಕೆ ತಿರುಗಿಸಿ ಮಂಡಿ ನಿಧಾನ ಏರಿಸುತ್ತ ಸೇರಿಸಬೇಕು. ಬೆರಳು ತಿರುಗಿಸುವುದು ತಡವಾದರೆ ಕಾಲುಗಳು ಅಗಲವಾಗುತ್ತಲೇ ಹೋಗಿ ತೊಡೆ ಸೆಳೆಯುತ್ತದೆ.

ನಿಲ್ಲುವ ಪಾಠ ಸ್ನೋಪ್ಲೋ. ಬೆಂಗಳೂರು, ಮೈಸೂರುಗಳಲ್ಲಿ ನಾಲ್ಕು ಗಾಲಿಯ ರೋಲರ್ ಸ್ಕೇಟು ಆಡಿ ಬೆಳೆದವರು ಇಲ್ಲೇ ಮುಗ್ಗರಿಸುವುದು. ಅದರ ಮುಂದಿನ ರಬ್ಬರ್ ಸ್ಟಾಪರು ಊರಿದರೆ ವೇಗ ತಗ್ಗುತ್ತದೆ; ಫಿಗರ್ ಬ್ಲೇಡಿನ ತುದಿಯ ಹಲ್ಲುಗಳನ್ನು ಹಾಗೆಯೇ ಊರಿದರೆ ಅವು ಐಸನ್ನು ಕಚ್ಚಿ ನಿಲ್ಲುತ್ತವೆ, ಮೈ ಮಾತ್ರ ಮುಂದೆ ಹೋಗುತ್ತದೆ. ಸ್ನೋಪ್ಲೋದಲ್ಲಿ ತೂಕವನ್ನು ಪಾದದ ನಡುವೆ ಇಟ್ಟು, ಬೆರಳನ್ನು ತುಸು ಒಳಕ್ಕೆ ತಿರುಗಿಸಿ, ಬ್ಲೇಡನ್ನು ಹೆಚ್ಚು ಓರೆಮಾಡದೆ ಹೊರಕ್ಕೆ ತಳ್ಳುತ್ತಾರೆ. ಸರಿಯಿದ್ದರೆ ಹೆರೆದ ಸದ್ದು, ಪುಡಿ ಐಸು. ಒಳಕ್ಕೆ ವಾಲಿಸಿದರೆ ಅಂಚು ಕಚ್ಚಿಕೊಂಡು ಮಂಡಿಗಳೆರಡೂ ಢಿಕ್ಕಿ. ಮೊದಲು ಗೋಡೆ ಹಿಡಿದು ನಿಂತು ಒಂದೇ ಕಾಲಿನಲ್ಲಿ ಪುಡಿ ಏಳಿಸಿ ನೋಡುವುದು ಒಳ್ಳೆಯದು.

ಕ್ಲಾಸು ಮುಗಿದೊಡನೆ ಶೂ ಬಿಚ್ಚಬೇಡಿ. ಅನೇಕ ಕಡೆ ಅದೇ ಶುಲ್ಕದಲ್ಲಿ ಎಲ್ಲರಿಗೂ ತೆರೆದಿರುವ ಪಬ್ಲಿಕ್ ಸೆಷನ್ನೂ ಸೇರಿರುತ್ತದೆ. ಕಲಿತದ್ದು ಕಾಲಿಗೆ ಇಳಿಯುವುದು ಅಲ್ಲಿ. ಎಲ್ಲರೂ ಸುತ್ತುವ ದಿಕ್ಕಿನಲ್ಲೇ, ಗೋಡೆಯಿಂದ ಎರಡು ಮಾರು ದೂರದಲ್ಲಿ ಸುತ್ತಿ. ಪಾದದ ಅಡಿಭಾಗ ಹಿಡಿದುಕೊಂಡಿತೆಂದರೆ ಲೇಸು ಅತಿ ಬಿಗಿ, ಇಲ್ಲವೇ ಬೆರಳುಗಳಿಂದ ಐಸನ್ನು ಹಿಡಿಯುವ ಪ್ರಯತ್ನ. ಬೆಂಚಿಗೆ ಬಂದು ಬಿಚ್ಚಿ ಮತ್ತೆ ಕಟ್ಟಿ. ಸ್ವಂತ ಶೂ ಕೊಳ್ಳುವ ಮಾತು ಒಂದು ಕಾಲಿನ ಮೇಲೆ ಜಾರುವ ಎರಡನೇ ಹಂತ ಬಂದ ಮೇಲೆ ಸಾಕು. ಕೊಂಡರೆ ಬ್ಲೇಡು ಒರೆಸಲು ಒಂದು ಟವೆಲ್ಲು, ಬಟ್ಟೆಯ ಕವರು ಜೊತೆಗಿರಲಿ. ಪ್ಲಾಸ್ಟಿಕ್ ಗಾರ್ಡು ನಡೆಯುವುದಕ್ಕೆ ಮಾತ್ರ. ಅದನ್ನು ಹಾಕಿಯೇ ಬ್ಯಾಗಿನಲ್ಲಿಟ್ಟರೆ ಮುಂದಿನ ವಾರಕ್ಕೆ ತುಕ್ಕು ಬಂದಿರುತ್ತದೆ.