ಮೊಳೆಗೆ ನೇತುಹಾಕಿದ ಪುಸ್ತಕ

ನಮ್ಮ ಓಣಿಯ ಅಕ್ಕನ ಗಂಡ ತೀರಿಹೋಗಿ ಎರಡು ವರ್ಷದ ಮೇಲಾಗಿತ್ತು. ಕೆಂಪುಕಲ್ಲು ಕಟ್ಟುವ ಮೇಸ್ತ್ರಿ. ವಯಸ್ಸು 54. ಒಂದು ಮಧ್ಯಾಹ್ನ ಅಕ್ಕ ಲೈಬ್ರರಿಗೆ ಬಂದು ಬಾಗಿಲಲ್ಲೇ ನಿಂತರು. ಕೊಡೆಯಿಂದ ನೀರು ಇಳಿಯುತ್ತಿತ್ತು.

"ದುಡಿಯುವವರು ಸತ್ತರೆ ಸರ್ಕಾರದಿಂದ ಇಪ್ಪತ್ತು ಸಾವಿರ ಉಂಟಂತೆ, ಹೌದಾ ಟೀಚರೇ?"

ನಾನು ಟೀಚರ್ ಅಲ್ಲ. ಉಡುಪಿ ಹತ್ತಿರದ ಒಂದು ಗ್ರಾಮ ಪಂಚಾಯತಿನ ಲೈಬ್ರರಿ ನೋಡಿಕೊಳ್ಳುವವಳು. ಈಗ ಬೋರ್ಡಿನಲ್ಲಿ 'ಅರಿವು ಕೇಂದ್ರ' ಅಂತ ಉಂಟು. ಆದರೂ ಓಣಿಯವರಿಗೆಲ್ಲ ನಾನು ಟೀಚರೇ. ಅಕ್ಕ ಕೇಳಿದ್ದಕ್ಕೆ ಆ ಹೊತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ಮನೆಯಲ್ಲಿ ಕೂತು ಹುಡುಕಿದೆ. ಹೌದು, ಉಂಟು. ರಾಷ್ಟ್ರೀಯ ಕುಟುಂಬ ನೆರವು ಯೋಜನೆ. ಬಿಪಿಎಲ್ ಮನೆಯಲ್ಲಿ ಮುಖ್ಯವಾಗಿ ದುಡಿಯುವವರು 18ರಿಂದ 59 ವರ್ಷದೊಳಗೆ ತೀರಿಕೊಂಡರೆ ಮನೆಯವರಿಗೆ ಒಂದೇ ಸಲ 20,000 ರೂಪಾಯಿ. ಹೊಸ ಯೋಜನೆಯೂ ಅಲ್ಲ. 1995ರಲ್ಲಿ ಶುರುವಾದದ್ದು. 2012ರಲ್ಲಿ 10,000 ಇದ್ದದ್ದು 20,000 ಆಯಿತು.

ಆ ಎರಡು ವರ್ಷದಲ್ಲಿ ಅಕ್ಕ ಎಷ್ಟು ಕೌಂಟರಿನ ಮುಂದೆ ನಿಂತಿದ್ದರು ಗೊತ್ತುಂಟಾ? ಮರಣ ಪ್ರಮಾಣಪತ್ರಕ್ಕೆ ಒಂದು ಕಡೆ. ರೇಷನ್ ಕಾರ್ಡಿನಿಂದ ಹೆಸರು ತೆಗೆಸಲಿಕ್ಕೆ ಇನ್ನೊಂದು ಕಡೆ. ವಂಶವೃಕ್ಷ, ವಿಧವಾ ವೇತನ, ಬ್ಯಾಂಕು. ಎಲ್ಲ ಕಡೆ ಅದೇ ಮರಣ ಪ್ರಮಾಣಪತ್ರದ ಜೆರಾಕ್ಸ್ ಕೊಟ್ಟಿದ್ದಾರೆ. ಗಂಡನ ವಯಸ್ಸು ಅದರಲ್ಲೇ ಇತ್ತು. ಬಿಪಿಎಲ್ ಕಾರ್ಡೂ ಜೊತೆಗಿತ್ತು. ಒಬ್ಬರೂ "ನಿಮಗೆ ಇದೊಂದು ಸಿಗುತ್ತದೆ" ಅಂತ ಹೇಳಲಿಲ್ಲ. ಕೊನೆಗೆ ನಾವಿಬ್ಬರೂ ಕಾಗದ ಹಿಡಿದು ಹೋದಾಗ ಸಿಕ್ಕಿದ ಉತ್ತರ, "ತಡವಾಯಿತು, ಈಗ ಆಗುವುದಿಲ್ಲ." ಅಕ್ಕ ಜಗಳ ಮಾಡಲಿಲ್ಲ. ಜೆರಾಕ್ಸ್‌ಗಳನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು. ಬಸ್ಸಿನಲ್ಲಿ ಇಡೀ ದಾರಿ ಮಾತಿಲ್ಲ.

ನನಗೆ ಆ ದಿನ ಊಟ ಸೇರಲಿಲ್ಲ. ಕೌಂಟರಿನವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ನನ್ನ ಮೇಲೆ ಜಾಸ್ತಿ ಬಂತು. ಅಕ್ಕ ಎರಡು ವರ್ಷ ನನ್ನ ಲೈಬ್ರರಿಯ ಮುಂದೆಯೇ ಓಡಾಡಿದ್ದರು.

ಮುಂದಿನ ಭಾನುವಾರ ಅಣ್ಣನ ಮಗ ಫೋನ್ ಮಾಡಿದ. ಅಮೆರಿಕದಲ್ಲಿ ಒಂದು ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಅವನಿಗೆ. ಮನಸ್ಸಿನಲ್ಲಿ ಇದೇ ಇದ್ದದ್ದರಿಂದ ಎಲ್ಲ ಹೇಳಿಬಿಟ್ಟೆ. ಅವನು, "ಅತ್ತೆ, ಇಲ್ಲಿ ಇದಕ್ಕೆ ಅಂತಲೇ ಒಂದು ಪಟ್ಟಿ ಉಂಟು, ಕಾನೂನು ಮಾಡಿ ಇಟ್ಟದ್ದು" ಅಂದ.

ಅದರ ಹೆಸರು 'ಕೆಟಲಾಗ್ ಆಫ್ ಫೆಡರಲ್ ಡೊಮೆಸ್ಟಿಕ್ ಅಸಿಸ್ಟೆನ್ಸ್'. ಅಲ್ಲಿಯೂ ಮೊದಲು ನಮ್ಮ ಹಾಗೆಯೇ ಇತ್ತಂತೆ. ಡೆಲವೇರ್ ರಾಜ್ಯದ ವಿಲಿಯಂ ರಾಥ್ ಎಂಬ ಸಂಸದ, ಸಹಾಯ ಯೋಜನೆಗಳು ಯಾವ್ಯಾವುದು ಅಂತ ತಾವೇ ಹುಡುಕಿಸಿ 1968ರಲ್ಲಿ ಪಟ್ಟಿ ಮಾಡಿಸಿದ್ದರು. 1977ರಲ್ಲಿ 'ಫೆಡರಲ್ ಪ್ರೋಗ್ರಾಂ ಇನ್ಫರ್ಮೇಷನ್ ಆಕ್ಟ್' ಬಂತು. ಕೇಂದ್ರ ಸರ್ಕಾರದ ಎಲ್ಲ ಸಹಾಯ ಯೋಜನೆಗಳ ವಿವರ ಒಂದೇ ಕಡೆ, ಎಲ್ಲರಿಗೂ ಸಿಗುವ ಹಾಗೆ ಇರಬೇಕು ಅಂತ ಕಾನೂನು. ಇಲಾಖೆಗಳು ತಮ್ಮ ಯೋಜನೆಗಳ ವಿವರ ಕೊಡಲೇಬೇಕು. ಬದಲಾವಣೆ ಆದರೆ ತಿದ್ದಿ ಕೊಡಬೇಕು. ಪಟ್ಟಿ ನೋಡಿಕೊಳ್ಳುವುದಕ್ಕೆ ಬೇರೆಯೇ ಕಚೇರಿ ಉಂಟು, ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ ಅಂತ. ಮೊದಲು ದಪ್ಪ ಪುಸ್ತಕವಾಗಿ ಅಚ್ಚಾಗುತ್ತಿತ್ತು. 2018ರಿಂದ ಅದರ ವೆಬ್‌ಸೈಟ್ ಬೇರೆ, ಹೆಸರೂ 'ಅಸಿಸ್ಟೆನ್ಸ್ ಲಿಸ್ಟಿಂಗ್ಸ್' ಅಂತ ಆಗಿದೆ.

ಇಷ್ಟು ಕೇಳಿ ಸುಮ್ಮನಾಗಬಹುದಿತ್ತು. ಆದರೆ ಅವನು ನಂಬರಿನ ವಿಷಯ ಹೇಳಿದ ನೋಡಿ, ಲೈಬ್ರರಿಯವಳಾದ ನನ್ನ ಕಿವಿ ನೆಟ್ಟಗಾಯಿತು. ಪ್ರತಿ ಯೋಜನೆಗೂ ಐದು ಅಂಕಿಯ ಒಂದು ನಂಬರು. ಮೊದಲ ಎರಡು ಅಂಕಿ ಇಲಾಖೆಯದ್ದು, ಆಮೇಲೆ ಚುಕ್ಕೆ, ಆಮೇಲೆ ಯೋಜನೆಯದ್ದು. 10 ಅಂದರೆ ಕೃಷಿ, 84 ಶಿಕ್ಷಣ, 93 ಆರೋಗ್ಯ. ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರಾಂಟ್ 84.063. ಅವನ ಕಾಲೇಜಿನ ಆಡಿಟ್ ವರದಿಯಲ್ಲಿ ಸರ್ಕಾರದಿಂದ ಬಂದ ಹಣದ ಸಾಲುಗಳಿಗೆಲ್ಲ ಇಂಥ ನಂಬರ್ ಹಾಕಬೇಕು. ಬಡವರ ಆಹಾರ ಸಹಾಯದ ನಂಬರ್ 10.551. ಮೊದಲು ಅದನ್ನು ಫುಡ್ ಸ್ಟಾಂಪ್ ಅನ್ನುತ್ತಿದ್ದರು. 2008ರಲ್ಲಿ ಹೆಸರು 'ಸ್ನ್ಯಾಪ್' ಆಯಿತು. ನಂಬರ್ ಮಾತ್ರ ಅದೇ.

ಇದು ಎಷ್ಟು ದೊಡ್ಡ ವಿಷಯ ಅಂತ ನಮ್ಮಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ನಮ್ಮ ರಾಜ್ಯದಲ್ಲಿ ಬಡವರ ಚಿಕಿತ್ಸೆಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ ಇತ್ತು. 2018ರಲ್ಲಿ ಆರೋಗ್ಯ ಕರ್ನಾಟಕ ಆಯಿತು. ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಸೇರಿತು. ಸಹಕಾರಿ ಸಂಘದವರ ಆರೋಗ್ಯ ಯೋಜನೆ ಯಶಸ್ವಿನಿ ನಿಂತಿತು, ಮತ್ತೆ ಶುರುವಾಯಿತು. ಇವತ್ತಿಗೂ ಹಳೆಯ ಹೆಸರು ಹೇಳಿಕೊಂಡು ಬರುವ ಅಜ್ಜ ಅಜ್ಜಿಯರಿದ್ದಾರೆ. "ಅದು ಈಗ ಇಲ್ಲ" ಅಂದರೆ ವಾಪಸ್ ಹೋಗಿಬಿಡುತ್ತಾರೆ. ಬೇರೆ ಹೆಸರಿನಲ್ಲಿ ಉಂಟು ಅಂತ ಅವರಿಗೆ ಯಾರು ಹೇಳಬೇಕು? ಅಮೆರಿಕದ ಪಟ್ಟಿಯಲ್ಲಿ ಇದಕ್ಕೇ ಒಂದು ಭಾಗ ಉಂಟಂತೆ. ಯಾವ ಯೋಜನೆ ನಿಂತಿತು, ಯಾವುದರ ಹೆಸರು ಬದಲಾಯಿತು, ಯಾವುದು ಯಾವುದರಲ್ಲಿ ಸೇರಿತು ಅಂತ 1965ರಿಂದ ಬರೆದಿಟ್ಟಿದ್ದಾರೆ.

ಪ್ರತಿ ಯೋಜನೆಯ ಕೆಳಗೆ ಏನೇನು ಬರೆಯಬೇಕು ಅನ್ನುವುದೂ ನಿಗದಿ. ಯಾವ ಕಾನೂನಿನಡಿ ಬಂದದ್ದು, ಯಾರಿಗೆ ಸಿಗುತ್ತದೆ, ಅರ್ಜಿ ಹೇಗೆ, ಕೊನೆಯ ದಿನ ಯಾವುದು, ತೀರ್ಮಾನಕ್ಕೆ ಎಷ್ಟು ದಿನ, ಸಿಗದಿದ್ದರೆ ಮೇಲ್ಮನವಿ ಎಲ್ಲಿ, ಯಾರನ್ನು ಕೇಳಬೇಕು, ಇದರ ಹತ್ತಿರದ ಬೇರೆ ಯೋಜನೆ ಯಾವುದು. ಆ ಪಟ್ಟಿಯ ಹಣ ಹೆಚ್ಚಿನದು ರಾಜ್ಯಗಳಿಗೆ, ಸಂಸ್ಥೆಗಳಿಗೆ ಹೋಗುವಂಥದ್ದು. ಅಕ್ಕನಂಥವರು ಅಲ್ಲಿಯೂ ನೇರವಾಗಿ ಅದನ್ನು ಓದಲಿಕ್ಕಿಲ್ಲ. ಆದರೆ ಅಕ್ಕನಿಗೆ ದಾರಿ ಹೇಳಬೇಕಾದವರು ಓದಬಹುದು. ನಾನು ಓದಬಹುದಿತ್ತು.

ನಮ್ಮಲ್ಲಿ ಕಾನೂನು ಇಲ್ಲವಾ? ಉಂಟು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಓದಿ. ಸಬ್ಸಿಡಿ ಯೋಜನೆಗಳನ್ನು ಹೇಗೆ ನಡೆಸುತ್ತಾರೆ, ಎಷ್ಟು ಹಣ ಇಟ್ಟಿದ್ದಾರೆ, ಯಾರಿಗೆ ಕೊಟ್ಟರು, ಇದನ್ನೆಲ್ಲ ಯಾರೂ ಕೇಳದೆಯೇ ಪ್ರಕಟಿಸಬೇಕು. ಅದೂ ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಂಡು, ಜನರಿಗೆ ಸುಲಭವಾಗಿ ತಲುಪುವ ಹಾಗೆ. 2022ರಿಂದ ಕೇಂದ್ರ ಸರ್ಕಾರದ 'ಮೈಸ್ಕೀಮ್' ಪೋರ್ಟಲ್ ಕೂಡ ಉಂಟು. ವಯಸ್ಸು, ಆದಾಯ ಇತ್ಯಾದಿ ಹಾಕಿದರೆ ಯಾವ ಯೋಜನೆ ಅನ್ವಯ ಆಗಬಹುದು ಅಂತ ತೋರಿಸುತ್ತದೆ. ಒಳ್ಳೆಯ ಕೆಲಸ, ನಾನೂ ಬಳಸುತ್ತೇನೆ. ಆದರೆ ಪ್ರಕಟಿಸುವುದು ಇಲಾಖೆ ಇಲಾಖೆಗೆ ಬೇರೆ ಬೇರೆ ಆದರೆ ಹುಡುಕುವವರು ಹತ್ತು ಕಡೆ ಅಲೆಯಬೇಕು. ಯಾವ ಇಲಾಖೆ ಅಂತ ಮೊದಲೇ ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ. ನನಗೆ ಬೇಕಾದದ್ದು ಒಂದೇ ಪಟ್ಟಿ, ಬದಲಾಗದ ನಂಬರು, ಮತ್ತು ಪ್ರತಿ ಪಂಚಾಯತಿನಲ್ಲಿ ಅದರ ಒಂದು ಕನ್ನಡ ಪ್ರತಿ. ಇದು ದೊಡ್ಡ ಆಸೆ ಅಂತ ನನಗೆ ಅನ್ನಿಸುವುದಿಲ್ಲ.

ಅದು ಬರುವ ತನಕ ಅಂತ ನಾನೇ ಒಂದು ಪುಸ್ತಕ ಮಾಡಿದ್ದೇನೆ. 200 ಪೇಜಿನ ಲೆಕ್ಕದ ಪುಸ್ತಕ. ಪೇಪರ್ ಓದುವ ಮೇಜಿನ ಪಕ್ಕ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದೇನೆ. ಅಮೆರಿಕದ ಹಾಗೆಯೇ ನಂಬರು. 10 ಕಂದಾಯ, 20 ಮೀನುಗಾರಿಕೆ, 30 ಕಾರ್ಮಿಕ, 40 ಮಹಿಳೆ ಮತ್ತು ಮಕ್ಕಳು. ಮೊದಲನೆಯದು, 10.01, ಅಕ್ಕನಿಗೆ ತಪ್ಪಿಹೋದದ್ದು. ಹೆಸರಿನ ಪಕ್ಕದಲ್ಲಿ ಹಳೆಯ ಹೆಸರು, ಜನ ಕರೆಯುವ ಹೆಸರು. ಕೊನೆಯ ಕಾಲಂ 'ವಿಚಾರಿಸಿದ ದಿನಾಂಕ'. ತಾರೀಕು ಇಲ್ಲದ ಮಾಹಿತಿಯನ್ನು ನಂಬಿ ಯಾರೂ ಬಸ್ ಹತ್ತಬಾರದು.

ಸಕಾಲದ ವಿಷಯವನ್ನು, ಅಂದರೆ ಸರ್ಕಾರಿ ಸೇವೆ ಇಂತಿಷ್ಟು ದಿನದೊಳಗೆ ಕೊಡಬೇಕು ಅನ್ನುವ ನಮ್ಮ ರಾಜ್ಯದ ಕಾನೂನಿನ ವಿಷಯವನ್ನು, ಪುಸ್ತಕದ ರಟ್ಟಿನ ಒಳಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಸಕಾಲದಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ಜಿಎಸ್‌ಸಿ ನಂಬರ್ ಇರುವ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ. ಸುಮ್ನೆ ಅರ್ಜಿ ಕೊಟ್ಟು ಬರಬೇಡಿ.

ಮೀನುಗಾರರ ಉಳಿತಾಯ ಪರಿಹಾರ ಯೋಜನೆ 20.02. ಮೀನುಗಾರರು 1,500 ಕಟ್ಟಿದರೆ ಕೇಂದ್ರ 1,500, ರಾಜ್ಯ 1,500 ಸೇರಿಸಿ ಒಟ್ಟು 4,500 ರೂಪಾಯಿ ಮೀನುಗಾರಿಕೆ ಇಲ್ಲದ ತಿಂಗಳುಗಳಲ್ಲಿ ಸಿಗುತ್ತದೆ. ಆದರೆ ಮೊದಲೇ ಕಟ್ಟಿರಬೇಕು. ಜೂನ್ 1ಕ್ಕೆ ಬೋಟುಗಳು ಮಲ್ಪೆ ಬಂದರಿನ ದಕ್ಕೆಯಲ್ಲಿ ಸಾಲಾಗಿ ನಿಂತ ಮೇಲೆ ಕೇಳಿದರೆ ಪ್ರಯೋಜನ ಇಲ್ಲ. ಅದಕ್ಕೇ ಈ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಮೊನ್ನೆ ಬೀಡಿ ಕಟ್ಟುವ ಒಬ್ಬರು ಬಂದಿದ್ದರು. ಮಗಳು ಪಿಯುಸಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಸ್ಕಾಲರ್‌ಶಿಪ್ ಉಂಟಲ್ವಾ, ಅದು 30.01. ಅವರು ಪುಸ್ತಕ ತೆಗೆದು ಬೆರಳಿಟ್ಟು ನಿಧಾನ ಓದಿದರು. ಆಮೇಲೆ ನನ್ನನ್ನು ಕರೆದರು.

"ಟೀಚರೇ, ನೀವು ಬೀಡಿ ಕಾರ್ಡ್ ಬರೆದಿದ್ದೀರಿ, ಪಾಸ್‌ಬುಕ್ ಬರೆದಿದ್ದೀರಿ. ಪಾಸ್‌ಬುಕ್ಕಿಗೆ ಆಧಾರ್ ಲಿಂಕ್ ಆಗಿರಬೇಕು ಅಂತ ಬರೆಯಲೇ ಇಲ್ಲ. ಹೋದ ವರ್ಷ ನಮ್ಮದು ಅಲ್ಲೇ ನಿಂತದ್ದು."

ಪೆನ್ನು ಅವರ ಕೈಗೇ ಕೊಟ್ಟೆ. 'ಬೇಕಾದ ಕಾಗದ' ಕಾಲಂನಲ್ಲಿ ಅವರೇ ಬರೆದರು. ಪಕ್ಕದಲ್ಲಿ ನಾನು ಆ ದಿನದ ತಾರೀಕು ಹಾಕಿದೆ.