ಬಿಜಿಪಿ ಪಾಲಿಸಿ: ರೂಟ್ ಒಳಗೆ ಬರುವಾಗಲೇ ಗುರುತು ಹಾಕಿ

ಯಾವ ಐಪಿ ವಿಳಾಸಕ್ಕೆ ಯಾವ ದಾರಿ (ರೂಟ್) ಅಂತ ನೆಟ್‌ವರ್ಕುಗಳು ಒಂದಕ್ಕೊಂದು ಹೇಳಿಕೊಳ್ಳುವ ಪ್ರೋಟೋಕಾಲ್ ಬಿಜಿಪಿ. ಬಿಜಿಪಿ ಸೆಷನ್ ಎಬ್ಬಿಸುವುದು ದೊಡ್ಡ ಕೆಲಸ ಅಲ್ಲ. ಆ ಕಡೆಯವರ ಐಪಿ, ಅವರ ಎಎಸ್ ನಂಬರ್ (ಒಂದು ಸ್ವತಂತ್ರ ನೆಟ್‌ವರ್ಕಿನ ಗುರುತಿನ ನಂಬರ್) ಹಾಕಿದರೆ ಸ್ವಲ್ಪ ಹೊತ್ತಿಗೆ ಎಸ್ಟಾಬ್ಲಿಷ್ಡ್ ಅಂತ ತೋರಿಸುತ್ತದೆ. ಕೆಲಸ ಶುರುವಾಗುವುದು ಆಮೇಲೆ. ಯಾರಿಂದ ಯಾವ ರೂಟ್ ತಗೊಳ್ಳಬೇಕು, ತಗೊಂಡಿದ್ದರಲ್ಲಿ ಏನು ಬದಲಾಯಿಸಬೇಕು, ಅದನ್ನು ಯಾರಿಗೆ ದಾಟಿಸಬೇಕು. ಈ ಮೂರಕ್ಕೆ ಉತ್ತರ ಬರೆಯುವುದೇ ರೂಟಿಂಗ್ ಪಾಲಿಸಿ.

ನಾನಿರುವುದು ಇಂಟರ್‌ನೆಟ್ ಸೇವೆ ಕೊಡುವ ಒಂದು ಸಣ್ಣ ಕಂಪನಿಯ ನೆಟ್‌ವರ್ಕ್ ಟೀಮಿನಲ್ಲಿ. ನಮಗೆ ಎರಡು ಅಪ್‌ಸ್ಟ್ರೀಮ್ (ನಾವು ದುಡ್ಡು ಕೊಟ್ಟು ಇಂಟರ್‌ನೆಟ್ ತಗೊಳ್ಳುವ ದೊಡ್ಡ ಕಂಪನಿಗಳು), ಒಂದು ಎಕ್ಸ್‌ಚೇಂಜ್ (ಹಲವು ನೆಟ್‌ವರ್ಕುಗಳು ಕೂಡುವ ಜಾಗ) ಸಂಪರ್ಕ, ಜೊತೆಗೆ ಸ್ವಂತ ಎಎಸ್ ಇರುವ ಒಂದಷ್ಟು ಗ್ರಾಹಕರು. ನಾನು ಸೇರಿದಾಗ ಹೊರಗೆ ಹೋಗುವ ಪಾಲಿಸಿ ಹೀಗಿತ್ತು: ಮೊದಲ ಅಪ್‌ಸ್ಟ್ರೀಮಿನಿಂದ ಬಂದದ್ದನ್ನು ಎಎಸ್-ಪಾತ್ (ರೂಟ್ ದಾಟಿ ಬಂದ ಎಎಸ್ ನಂಬರುಗಳ ಸಾಲು) ನೋಡಿ ತಡೆ, ಎರಡನೆಯದರಿಂದ ಬಂದದ್ದನ್ನೂ ತಡೆ, ಉಳಿದದ್ದೆಲ್ಲ ಬಿಡು. ಈ 'ಉಳಿದದ್ದೆಲ್ಲ ಬಿಡು' ಅನ್ನುವ ಸಾಲನ್ನು ನಾನು ಈಗ ಯಾವ ರೂಟರಿನಲ್ಲಿ ಕಂಡರೂ ಅಲ್ಲೇ ನಿಲ್ಲುತ್ತೇನೆ. ನಾಳೆ ಮೂರನೇ ಅಪ್‌ಸ್ಟ್ರೀಮ್ ಬಂದರೆ, ಅಥವಾ ಎಕ್ಸ್‌ಚೇಂಜಿನಲ್ಲಿ ಹೊಸ ಪೀರ್ (ನಮ್ಮ ಜೊತೆ ನೇರವಾಗಿ ರೂಟ್ ಹಂಚಿಕೊಳ್ಳುವ ನೆಟ್‌ವರ್ಕ್) ಸೇರಿದರೆ, ಯಾರಾದರೂ ನೆನಪಿಟ್ಟುಕೊಂಡು ಎಲ್ಲ ರೂಟರಿನಲ್ಲೂ ಈ ತಡೆಯುವ ಪಟ್ಟಿಯನ್ನು ತಿದ್ದಬೇಕು. ತಿದ್ದದಿದ್ದರೆ ಅವರ ರೂಟುಗಳು ನಮ್ಮ ಮೂಲಕ ಬೇರೆಯವರಿಗೆ ಸೋರುತ್ತವೆ.

ಈ ಪಾಲಿಸಿಗಳನ್ನೆಲ್ಲ ಬದಲಾಯಿಸಲೇಬೇಕು ಅಂತ ನಮ್ಮನ್ನು ಎಬ್ಬಿಸಿದ್ದು ಒಬ್ಬ ಗ್ರಾಹಕರ ಕಡೆಯಿಂದ ಬಂದ ಸೋರಿಕೆ. ಅವರು ನಮ್ಮಿಂದಲೂ ಇನ್ನೊಬ್ಬರಿಂದಲೂ ಲಿಂಕ್ ತಗೊಂಡಿದ್ದರು. ಅವರ ರೂಟರಿನಲ್ಲಿ ಹೊರಗೆ ಹೋಗುವ ಪಾಲಿಸಿಯೇ ಇರಲಿಲ್ಲ. ಹಾಗಾಗಿ ಆ ಇನ್ನೊಬ್ಬರು ಕೊಟ್ಟ ರೂಟುಗಳನ್ನೆಲ್ಲ ಅವರು ನಮಗೆ ದಾಟಿಸಿಬಿಟ್ಟರು. ಇಡೀ ಇಂಟರ್‌ನೆಟ್ಟಿನ ಐಪಿವಿ4 ಟೇಬಲ್ ಅಂದರೆ ಈಗ ಹತ್ತಿರ ಹತ್ತಿರ ಹತ್ತು ಲಕ್ಷ ರೂಟು. ಸುಮ್ನೆ ಟೇಬಲ್ ದಪ್ಪ ಆಗಿದ್ದರೆ ಚಿಂತೆ ಇರಲಿಲ್ಲ. ಆದರೆ ಗ್ರಾಹಕರಿಂದ ಬಂದ ರೂಟಿಗೆ ನಾವು ಲೋಕಲ್-ಪ್ರಿಫರೆನ್ಸ್ (ಯಾವ ರೂಟಿಗೆ ಎಷ್ಟು ಆದ್ಯತೆ ಅನ್ನುವ ನಂಬರು) 200 ಹಾಕುತ್ತೇವೆ, ಅಪ್‌ಸ್ಟ್ರೀಮಿಗೆ 100. ಎಲ್ಲರೂ ಹೆಚ್ಚು ಕಡಿಮೆ ಹೀಗೇ ಮಾಡುತ್ತಾರೆ, ಯಾಕೆಂದರೆ ಗ್ರಾಹಕರ ಕಡೆ ಹೋಗುವ ಟ್ರಾಫಿಕ್ಕಿಗೆ ದುಡ್ಡು ಬರುತ್ತದೆ, ಅಪ್‌ಸ್ಟ್ರೀಮಿನ ಕಡೆ ಹೋಗುವುದಕ್ಕೆ ನಾವು ದುಡ್ಡು ಕೊಡಬೇಕು. ಎರಡು ಕಡೆಯಿಂದ ಒಂದೇ ಪ್ರಿಫಿಕ್ಸ್ (ಐಪಿ ವಿಳಾಸಗಳ ಬ್ಲಾಕ್) ಬಂದರೆ ಬಿಜಿಪಿ ಎಎಸ್-ಪಾತ್ ಉದ್ದ ನೋಡುವ ಮೊದಲೇ ಲೋಕಲ್-ಪ್ರಿಫರೆನ್ಸ್ ನೋಡುತ್ತದೆ. 200 ಗೆಲ್ಲುತ್ತದೆ. ದೊಡ್ಡ ದೊಡ್ಡ ಸೈಟುಗಳ ಕಡೆ ಹೋಗಬೇಕಿದ್ದ ಟ್ರಾಫಿಕ್ಕೆಲ್ಲ ಆ ಗ್ರಾಹಕರ ಸಣ್ಣ ಲಿಂಕಿಗೆ ನುಗ್ಗಿ ಅಲ್ಲೇ ಸಿಕ್ಕಿಕೊಂಡಿತು. ಬೇರೆಯವರ ಸೋರಿಕೆಗಿಂತ ಗ್ರಾಹಕರ ಸೋರಿಕೆ ಜಾಸ್ತಿ ಪೆಟ್ಟು ಕೊಡುವುದು ಇದಕ್ಕೇ. ನಾವೇ ಅವರ ಮಾತಿಗೆ ಹೆಚ್ಚು ಬೆಲೆ ಕೊಟ್ಟಿರುತ್ತೇವೆ.

ಇದು ನಮ್ಮಂಥ ಸಣ್ಣವರಿಗೆ ಮಾತ್ರ ಆಗುವಂಥದ್ದು ಅಂದುಕೊಳ್ಳಬೇಡಿ. 2008ರ ಫೆಬ್ರವರಿ 24ರಂದು ಯೂಟ್ಯೂಬನ್ನು ತನ್ನ ದೇಶದೊಳಗೆ ತಡೆಯಲು ಪಾಕಿಸ್ತಾನ್ ಟೆಲಿಕಾಂ 208.65.153.0/24 ರೂಟನ್ನು ಹಾಕಿತು. ಅದು ಹೊರಗೂ ಹೋಯಿತು. ಅವರ ಅಪ್‌ಸ್ಟ್ರೀಮ್ ಆಗಿದ್ದ ಪಿಸಿಸಿಡಬ್ಲ್ಯು ಅದನ್ನು ತಡೆಯದೆ ಜಗತ್ತಿಗೆ ದಾಟಿಸಿತು. ಯೂಟ್ಯೂಬ್ ಆಗ ಹೇಳುತ್ತಿದ್ದುದು /22, ಅಂದರೆ ಅದಕ್ಕಿಂತ ದೊಡ್ಡ ಬ್ಲಾಕ್. ಹೆಚ್ಚು ನಿರ್ದಿಷ್ಟವಾದ /24 ಬಂದ ಮೇಲೆ ಲೋಕಲ್-ಪ್ರಿಫರೆನ್ಸ್ ಎಷ್ಟಿದ್ದರೂ ಲೆಕ್ಕಕ್ಕಿಲ್ಲ, ಪ್ಯಾಕೆಟ್ ಅದರ ಹಿಂದೆಯೇ ಹೋಗುತ್ತದೆ. ಸುಮಾರು ಎರಡು ಗಂಟೆ ಜಗತ್ತಿನ ಬಹುಪಾಲು ಜನಕ್ಕೆ ಯೂಟ್ಯೂಬ್ ಸಿಗಲಿಲ್ಲ. 2019ರ ಜೂನ್ 24ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂಥದ್ದೇ ಇನ್ನೊಂದು ಆಯಿತು. ಅಲ್ಲೊಂದು ಸಣ್ಣ ಕಂಪನಿಯ ಬಿಜಿಪಿ ಆಪ್ಟಿಮೈಸರ್ (ಟ್ರಾಫಿಕ್ ಹಂಚಲು ರೂಟುಗಳನ್ನು ತಿದ್ದುವ ಸಾಧನ) ದೊಡ್ಡ ಪ್ರಿಫಿಕ್ಸುಗಳನ್ನು ತುಂಡು ಮಾಡಿ ಇಟ್ಟುಕೊಂಡಿತ್ತು. ಆ ತುಂಡುಗಳು ಅವರ ಗ್ರಾಹಕರ ಮೂಲಕ ವೆರೈಝನ್‌ಗೆ ಹೋದವು, ವೆರೈಝನ್ ಅವನ್ನು ಹಾಗೇ ಎಲ್ಲರಿಗೂ ಹಂಚಿತು. ಕ್ಲೌಡ್‌ಫ್ಲೇರ್ ಹಿಂದೆ ಇದ್ದ ಎಷ್ಟೋ ಸೈಟುಗಳು ಬಿದ್ದವು. ಎರಡೂ ಕಡೆ ಗ್ರಾಹಕರ ಬಾಗಿಲಲ್ಲಿ ಒಂದು ಪ್ರಿಫಿಕ್ಸ್-ಲಿಸ್ಟ್ (ಒಪ್ಪಬಹುದಾದ ಪ್ರಿಫಿಕ್ಸುಗಳ ಪಟ್ಟಿ) ಇದ್ದಿದ್ದರೆ ಸಾಕಿತ್ತು.

ನಾವು ಮೊದಲು ಮಾಡಿದ್ದು ಅದನ್ನೇ. ಪ್ರತಿ ಗ್ರಾಹಕರಿಗೂ ಬೇರೆ ಬೇರೆ ಪ್ರಿಫಿಕ್ಸ್-ಲಿಸ್ಟ್. ಅವರದ್ದು ಅಂತ ಖಾತ್ರಿ ಇರುವ ಬ್ಲಾಕುಗಳು ಮಾತ್ರ, ಅದೂ /24 ತನಕ. ಅದರ ಮೇಲೆ ಆರ್‌ಪಿಕೆಐ ಪರೀಕ್ಷೆ, ಅಂದರೆ ಆ ಬ್ಲಾಕನ್ನು ಸಾರುವ ಹಕ್ಕು ಆ ಎಎಸ್‌ಗೆ ಇದೆಯಾ ಅಂತ ಸಹಿ ಮಾಡಿದ ದಾಖಲೆಯಲ್ಲಿ ನೋಡುವುದು. ಕೊನೆಗೆ ಮ್ಯಾಕ್ಸಿಮಮ್-ಪ್ರಿಫಿಕ್ಸ್, ಅಂದರೆ ಇಷ್ಟಕ್ಕಿಂತ ಜಾಸ್ತಿ ರೂಟ್ ಬಂದರೆ ಸೆಷನ್ನೇ ಇಳಿಸು ಅಂತ. ಕೆಲವರು ಇದೊಂದನ್ನೇ ನೆಚ್ಚಿಕೊಂಡಿರುತ್ತಾರೆ. ಹಾಗೆ ಮಾಡಬೇಡಿ. ಮಿತಿ 50 ಇದ್ದರೆ ತಪ್ಪಾದ 30 ರೂಟು ಆರಾಮಾಗಿ ಒಳಗೆ ಬರುತ್ತವೆ.

ಆಮೇಲೆ ಮಾಡಿದ್ದೇ ನಾನು ಮುಖ್ಯವಾಗಿ ಹೇಳಬೇಕಾದ ವಿಷಯ. ರೂಟ್ ಒಳಗೆ ಬರುವ ಜಾಗದಲ್ಲೇ ಅದಕ್ಕೆ ಕಮ್ಯುನಿಟಿ (ರೂಟಿನ ಜೊತೆಗೇ ಹೋಗುವ ನಂಬರಿನ ಗುರುತು) ಅಂಟಿಸುವುದು, ಹೊರಗೆ ಕಳಿಸುವಾಗ ಆ ಕಮ್ಯುನಿಟಿ ಮಾತ್ರ ನೋಡುವುದು. ನಮ್ಮ ಎಎಸ್ 64500 ಅಂತ ಇಟ್ಟುಕೊಳ್ಳಿ, ಅದು ಉದಾಹರಣೆಗಂತಲೇ ಮೀಸಲಿಟ್ಟ ನಂಬರು. ಗ್ರಾಹಕರಿಂದ ಬಂದದ್ದಕ್ಕೆ 64500:100, ಎಕ್ಸ್‌ಚೇಂಜಿನಿಂದ ಬಂದದ್ದಕ್ಕೆ 64500:200, ಅಪ್‌ಸ್ಟ್ರೀಮಿನಿಂದ ಬಂದದ್ದಕ್ಕೆ 64500:300. ಲೋಕಲ್-ಪ್ರಿಫರೆನ್ಸ್ ಕೂಡ ಅದೇ ಜಾಗದಲ್ಲಿ, 200, 150, 100. ನಮ್ಮ ಸ್ವಂತ ಬ್ಲಾಕುಗಳಿಗೂ ಒಂದು ಗುರುತು. ಅಪ್‌ಸ್ಟ್ರೀಮಿಗೂ ಎಕ್ಸ್‌ಚೇಂಜಿಗೂ ಹೋಗುವ ಪಾಲಿಸಿ ಈಗ ಎರಡೇ ಮಾತು: ಸ್ವಂತದ್ದು ಮತ್ತು 64500:100 ಗುರುತು ಇರುವುದು ಹೋಗಲಿ, ಬೇರೆ ಯಾವುದೂ ಬೇಡ. ಗ್ರಾಹಕರಿಗೆ ಎಲ್ಲವೂ ಹೋಗುತ್ತದೆ. ಹೊಸ ಗ್ರಾಹಕರು ಬಂದರೆ ಅವರ ಬಾಗಿಲಲ್ಲಿ ಮಾತ್ರ ಕೆಲಸ, ಹೊರಗಿನ ಪಾಲಿಸಿಯನ್ನು ಯಾರೂ ಮುಟ್ಟಬೇಕಿಲ್ಲ. ಯಾರಾದರೂ ಗುರುತು ಹಾಕಲು ಮರೆತರೂ ಆ ರೂಟ್ ಅಪ್‌ಸ್ಟ್ರೀಮಿಗೂ ಎಕ್ಸ್‌ಚೇಂಜಿಗೂ ಹೋಗುವುದಿಲ್ಲ ಅಷ್ಟೇ. ಒಬ್ಬ ಗ್ರಾಹಕರು ಫೋನ್ ಮಾಡುತ್ತಾರೆ, ಸರಿ ಮಾಡುತ್ತೇವೆ. ಹಳೇ ಪಾಲಿಸಿಯಲ್ಲಿ ಮರೆತರೆ ಊರಿಗೆಲ್ಲ ಸೋರುತ್ತಿತ್ತು. ನನಗೆ ಈ ವ್ಯತ್ಯಾಸವೇ ಎಲ್ಲಕ್ಕಿಂತ ದೊಡ್ಡದು.

ಗುರುತು ಹಾಕುವ ಮೊದಲು ಹೊರಗಿನಿಂದ ಬಂದ ರೂಟಿನಲ್ಲಿ 64500 ಅಂತ ಶುರುವಾಗುವ ಕಮ್ಯುನಿಟಿಗಳನ್ನು ಅಳಿಸಿಬಿಡಿ. ಇಲ್ಲದಿದ್ದರೆ ಯಾರೋ ತಮ್ಮ ರೂಟಿಗೆ ನಮ್ಮ 64500:100 ಗುರುತನ್ನು ತಾವೇ ಅಂಟಿಸಿ ಕಳಿಸಬಹುದು. ಗ್ರಾಹಕರಿಗೆ ಬಳಸಲು ಕೊಟ್ಟ ಕಮ್ಯುನಿಟಿಗಳಿದ್ದರೆ ಅವನ್ನು ಮಾತ್ರ ಉಳಿಸಿ.

ಇನ್ನು ಹುಷಾರಾಗಿರಬೇಕಾದ ಜಾಗಗಳು. ಸಿಸ್ಕೋ ರೂಟರುಗಳ ಸಾಫ್ಟ್‌ವೇರ್ ಐಒಎಸ್‌ನಲ್ಲಿ 'ಸೆಟ್ ಕಮ್ಯುನಿಟಿ' ಅಂತ ಬರೆದರೆ ಹಳೇ ಕಮ್ಯುನಿಟಿಗಳೆಲ್ಲ ಹೋಗಿ ಹೊಸದೊಂದೇ ಉಳಿಯುತ್ತದೆ. ಹಳೆಯದೂ ಬೇಕಾದರೆ ಸಾಲಿನ ಕೊನೆಗೆ 'ಅಡಿಟಿವ್' ಹಾಕಬೇಕು. ಜುನಿಪರ್‌ನಲ್ಲಿ 'ಆ್ಯಡ್', 'ಸೆಟ್', 'ಡಿಲೀಟ್' ಅಂತ ಮೂರೂ ಬೇರೆ ಬೇರೆ ಇರುವುದರಿಂದ ಓದುವಾಗಲೇ ಗೊತ್ತಾಗುತ್ತದೆ, ಅದು ನನಗೆ ಇಷ್ಟ. ಐಒಎಸ್‌ನಲ್ಲಿ 'ಸೆಂಡ್-ಕಮ್ಯುನಿಟಿ' ಹಾಕದಿದ್ದರೆ ಪಕ್ಕದ ರೂಟರಿಗೆ ಕಮ್ಯುನಿಟಿ ಹೋಗುವುದೇ ಇಲ್ಲ, ಅದು ನಮ್ಮದೇ ಇನ್ನೊಂದು ರೂಟರ್ ಆಗಿದ್ದರೂ ಅಷ್ಟೆ. ಗುರುತು ನೋಡಿ ಕಳಿಸುವ ಪಾಲಿಸಿಯಲ್ಲಿ ಇದು ಬಿಟ್ಟುಹೋದರೆ ಒಂದು ಊರಿನ ಗ್ರಾಹಕರೆಲ್ಲ ಒಟ್ಟಿಗೆ ಮಾಯ ಆಗುತ್ತಾರೆ.

ರೂಟ್-ಮ್ಯಾಪ್, ಅಂದರೆ ಪಾಲಿಸಿ ಬರೆಯುವ ಸಾಲುಗಳ ಪಟ್ಟಿ, ಮೇಲಿಂದ ಕೆಳಕ್ಕೆ ಓದುತ್ತದೆ, ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತದೆ, ಯಾವುದೂ ಹೊಂದದಿದ್ದರೆ ಕೊನೆಗೆ ಕಾಣದ ಒಂದು ತಡೆ ಇದೆ. ಇದು ಎಲ್ಲರಿಗೂ ಗೊತ್ತು ಅಲ್ವಾ? ಗೊಂದಲ ಆಗುವುದು ಎರಡು ತಡೆ ಒಂದರೊಳಗೊಂದು ಬಂದಾಗ. ಪ್ರಿಫಿಕ್ಸ್-ಲಿಸ್ಟಿನ 'ಡಿನೈ' ಅಂದರೆ ರೂಟನ್ನು ಬಿಸಾಕು ಅಂತ ಅಲ್ಲ, ಈ ಸಾಲಿಗೆ ಹೊಂದಲಿಲ್ಲ ಅಂತ ಅಷ್ಟೇ. ಆ ರೂಟ್ ಮುಂದಿನ ಸಾಲಿಗೆ ಹೋಗಿ ಅಲ್ಲಿ ಪಾಸಾಗಬಹುದು. ಹಾಗಾಗಿ ನಮ್ಮಲ್ಲಿ ಪ್ರಿಫಿಕ್ಸ್-ಲಿಸ್ಟಿನಲ್ಲಿ ಬರೀ 'ಪರ್ಮಿಟ್' ಬರೆಯುತ್ತೇವೆ, ಬೇಕೋ ಬೇಡವೋ ಅನ್ನುವುದನ್ನು ರೂಟ್-ಮ್ಯಾಪ್ ಹೇಳುತ್ತದೆ. ಇನ್ನೊಂದು, ರೂಟ್-ಮ್ಯಾಪಿನಲ್ಲಿ ಹೆಸರು ಹೇಳಿದ ಪ್ರಿಫಿಕ್ಸ್-ಲಿಸ್ಟ್ ರೂಟರಿನಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಿ, ಒಂದು ಅಕ್ಷರ ತಪ್ಪಿದರೂ ಸಾಕು. ಐಒಎಸ್ ಅದನ್ನು ಎಲ್ಲವೂ ಹೊಂದಿತು ಅಂತ ತಗೊಳ್ಳುತ್ತದೆ. ಎಫ್‌ಆರ್‌ಆರ್ (ಓಪನ್ ಸೋರ್ಸ್ ರೂಟಿಂಗ್ ಸಾಫ್ಟ್‌ವೇರ್) ಯಾವುದೂ ಹೊಂದಲಿಲ್ಲ ಅಂತ ತಗೊಳ್ಳುತ್ತದೆ. ಎರಡೂ ಇರುವ ನೆಟ್‌ವರ್ಕಿನಲ್ಲಿ ಕಾನ್ಫಿಗ್ ನಕಲು ಮಾಡುವವರು ಇದನ್ನು ಮನಸ್ಸಿನಲ್ಲಿಡಬೇಕು.

ಪಾಲಿಸಿಯೇ ಹಾಕದಿದ್ದರೆ? 2017ರ ಆರ್‌ಎಫ್‌ಸಿ 8212 (ಇಂಟರ್‌ನೆಟ್ ಮಾನದಂಡದ ಒಂದು ದಾಖಲೆ) ಇದಕ್ಕೆ ನೇರವಾಗಿ ಹೇಳುತ್ತದೆ, ಹೊರಗಿನವರ ಜೊತೆಗಿನ ಬಿಜಿಪಿಯಲ್ಲಿ ಪಾಲಿಸಿ ಇಲ್ಲದಿದ್ದರೆ ರೂಟ್ ತಗೊಳ್ಳಲೂಬೇಡ, ಕೊಡಲೂಬೇಡ ಅಂತ. ಸಿಸ್ಕೋದ್ದೇ ಇನ್ನೊಂದು ಸಾಫ್ಟ್‌ವೇರ್ ಐಒಎಸ್ ಎಕ್ಸ್‌ಆರ್ ಮೊದಲಿಂದಲೂ ಹಾಗೇ ಇದೆ, ಎಫ್‌ಆರ್‌ಆರ್ 7.4ರಿಂದ ಹಾಗಾಗಿದೆ. ಹಳೇ ಐಒಎಸ್ ರೂಟರ್ ಮಾತ್ರ ಪಾಲಿಸಿ ಇಲ್ಲದಿದ್ದರೆ ತನ್ನ ಹತ್ತಿರ ಇರುವುದನ್ನೆಲ್ಲ ಕೊಟ್ಟುಬಿಡುತ್ತದೆ. ನಮ್ಮ ಆ ಗ್ರಾಹಕರ ಹತ್ತಿರ ಇದ್ದದ್ದು ಅಂಥದ್ದೇ.

ಗ್ರಾಹಕರು ಪದೇ ಪದೇ ಕೇಳುವ ಇನ್ನೊಂದು: ಪ್ರಿಪೆಂಡ್ (ಪಾತ್ ಉದ್ದ ಕಾಣಲೆಂದು ತಮ್ಮ ಎಎಸ್ ನಂಬರನ್ನೇ ಮತ್ತೆ ಮತ್ತೆ ಸೇರಿಸುವುದು) ಎಷ್ಟು ಹಾಕಿದರೂ ಟ್ರಾಫಿಕ್ ಬ್ಯಾಕಪ್ ಲಿಂಕಿಗೇ ಯಾಕೆ ಬರುತ್ತಿದೆ ಅಂತ. ಮೇಲೆ ಹೇಳಿದ ಕಾರಣವೇ. ಆ ಬ್ಯಾಕಪ್ ಲಿಂಕ್ ಕೊಟ್ಟವರು ನಿಮ್ಮ ರೂಟಿಗೆ ಗ್ರಾಹಕರ ಲೋಕಲ್-ಪ್ರಿಫರೆನ್ಸ್ ಹಾಕಿದ್ದಾರೆ, ಪಾತ್ ಎಷ್ಟು ಉದ್ದ ಮಾಡಿದರೂ ಅವರ ಒಳಗೆ ಅದೇ ಗೆಲ್ಲುತ್ತದೆ. ಲೋಕಲ್-ಪ್ರಿಫರೆನ್ಸ್ ಇಳಿಸುವ ಕಮ್ಯುನಿಟಿ ಅವರಲ್ಲಿ ಇದೆಯಾ ಅಂತ ಕೇಳಿ, ಅದನ್ನು ಅಂಟಿಸಿ ಕಳಿಸಿ.

ಬದಲಾವಣೆಯನ್ನು ನಾವು ಒಂದೇ ಸಲ ಮಾಡಲಿಲ್ಲ. ಮೊದಲು ಎಲ್ಲ ರೂಟರಿನಲ್ಲೂ ಒಳಗೆ ಬರುವಾಗ ಗುರುತು ಹಾಕುವುದಷ್ಟೇ, ಹೊರಗಿನ ಪಾಲಿಸಿ ಹಳೆಯದೇ. ಗುರುತು ಎಲ್ಲ ಕಡೆ ತಲುಪಿದೆ ಅಂತ ನೋಡಿದ ಮೇಲೆ ಒಂದೊಂದೇ ಅಪ್‌ಸ್ಟ್ರೀಮಿಗೆ ಹೊಸ ಪಾಲಿಸಿ. ಪ್ರತಿ ಸಲವೂ ಬದಲಾವಣೆಗೆ ಮೊದಲು 'ಅಡ್ವರ್ಟೈಸ್ಡ್-ರೂಟ್ಸ್' (ನಾವು ಹೊರಗೆ ಕೊಡುತ್ತಿರುವ ರೂಟುಗಳ) ಪಟ್ಟಿ ತೆಗೆದಿಟ್ಟು, ಸಾಫ್ಟ್ ಕ್ಲಿಯರ್ (ಸೆಷನ್ ಬೀಳಿಸದೆ ಹೊಸ ಪಾಲಿಸಿ ಅನ್ವಯಿಸುವ ಆಜ್ಞೆ) ಕೊಟ್ಟು, ಮತ್ತೆ ಪಟ್ಟಿ ತೆಗೆದು ಎರಡನ್ನೂ ಸಾಲು ಸಾಲಾಗಿ ಹೋಲಿಸಿದೆವು. ಸೆಷನ್ ಬೀಳಿಸುವ ಅಗತ್ಯವೇ ಬರಲಿಲ್ಲ. ಹೊಸ ಪಟ್ಟಿಯಲ್ಲಿ ಕೆಲವು ಪ್ರಿಫಿಕ್ಸ್ ಕಾಣೆಯಾಗಿದ್ದವು. ಹುಡುಕಿದರೆ, ಅವು ನಮ್ಮನ್ನು ಯಾವತ್ತೋ ಬಿಟ್ಟುಹೋದ ಗ್ರಾಹಕರ ಬ್ಲಾಕುಗಳು. ಅವರಿಗಾಗಿ ಹಾಕಿದ್ದ ನಲ್ ಸ್ಟ್ಯಾಟಿಕ್ ರೂಟು (ಕೈಯಿಂದ ಬರೆದ, ಟ್ರಾಫಿಕ್ಕನ್ನು ಎಲ್ಲಿಗೂ ಕಳಿಸದ ರೂಟು) ಹಾಗೇ ಉಳಿದಿತ್ತು, 'ಉಳಿದದ್ದೆಲ್ಲ ಬಿಡು' ಅನ್ನುವ ಸಾಲು ಅದನ್ನು ಅಲ್ಲಿಯವರೆಗೂ ಜಗತ್ತಿಗೆ ಸಾರುತ್ತಲೇ ಇತ್ತು. ಅವರಿಗೆ ತಿಳಿಸಿ, ಆ ಸ್ಟ್ಯಾಟಿಕ್‌ಗಳನ್ನೂ ತೆಗೆದೆವು.